ಭೋಸರಿಯ ಪ್ರೆಸ್ ಶಾಪ್‌ನಲ್ಲಿ ಸೇಫ್ಟಿ ತಪಾಸಣೆ ಎಲ್ಲಿಂದ ಶುರು ಮಾಡಬೇಕು?

ವಿಜಯಪುರದಿಂದ ಬಂದು, ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ, ತಗಡು ಒತ್ತಿ ಭಾಗಗಳನ್ನು ಮಾಡುವ ಪ್ರೆಸ್ ಶಾಪ್‌ನಲ್ಲಿ ಸೇಫ್ಟಿ ಕೆಲಸಕ್ಕೆ ಸೇರಿದ್ದೀರಿ. ಮುಂದಿನ ವಾರ ಇಡೀ ಶಾಪ್ ತಪಾಸಣೆ ಮಾಡಿ ವರದಿ ಕೊಡಬೇಕು, ಒಳ್ಳೆಯ ಚೆಕ್‌ಲಿಸ್ಟ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನಾನು ಚಾಕಣದ ಕಡೆ ಇದೇ ಕೆಲಸ ಮಾಡುತ್ತೇನೆ. ಚೆಕ್‌ಲಿಸ್ಟ್ ಆಮೇಲೆ ನೋಡಿದರಾಯಿತು. ಮೊದಲು ಪ್ರೆಸ್ ಓಡುತ್ತಿರುವಾಗ ಪಕ್ಕದಲ್ಲಿ ಹೋಗಿ ನಿಲ್ಲಿ. ಆಪರೇಟರ್‌ನ ಕೈ ಎಲ್ಲೆಲ್ಲಿ ಹೋಗುತ್ತದೆ ಅಂತ ಸುಮ್ನೆ ನೋಡಿ.

ಪ್ರೆಸ್ ಶಾಪ್‌ನಲ್ಲಿ ಹೋಗುವುದು ಬೆರಳು. ತಗಡಿಗೆ ಆಕಾರ ಕೊಡುವ ಅಚ್ಚಾದ ಡೈ ಒಳಗೆ ಕೈ ಇರುವಾಗ, ಮೇಲಿಂದ ಇಳಿದು ಒತ್ತುವ ಭಾಗವಾದ ರ‍್ಯಾಮ್ ಕೆಳಗೆ ಬಂದರೆ ಮುಗಿಯಿತು. ಅದಕ್ಕೇ ಎರಡು ಕೈ ಬಟನ್, ಬೆಳಕಿನ ಕಿರಣಕ್ಕೆ ಏನಾದರೂ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಲೈಟ್ ಕರ್ಟನ್, ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಇರುವುದು. ಇವು ಇವೆ ಅಂತ ಟಿಕ್ ಹಾಕಿ ಮುಂದೆ ಹೋಗಬೇಡಿ, ಪರೀಕ್ಷೆ ಮಾಡಿ. ಒಂದು ಬಟನ್ ಒತ್ತಿಯೇ ಹಿಡಿದು ಇನ್ನೊಂದನ್ನು ಮಾತ್ರ ಮತ್ತೆ ಮತ್ತೆ ಒತ್ತಿ ನೋಡಲು ಹೇಳಿ. ಎರಡನ್ನೂ ಬಿಟ್ಟು ಒಟ್ಟಿಗೆ ಒತ್ತದೆ ಮುಂದಿನ ಸ್ಟ್ರೋಕ್ ಬರಬಾರದು. ಬಂದರೆ, ಆ ಪ್ರೆಸ್‌ನಲ್ಲಿ ಯಾರಾದರೂ ಒಂದು ಬಟನ್‌ಗೆ ಟೇಪ್ ಸುತ್ತಿ ಕೂರುವುದು ಖಂಡಿತ. ಲೈಟ್ ಕರ್ಟನ್‌ಗೆ ಒಂದು ಕೋಲು ಅಡ್ಡ ಹಿಡಿದು ನೋಡಿ, ಕೈ ಮಾತ್ರ ಬೇಡ. ಇಳಿಯುತ್ತಿರುವ ರ‍್ಯಾಮ್ ಅಲ್ಲೇ ನಿಲ್ಲಬೇಕು.

ಇಲ್ಲಿ ಒಂದು ಮುಖ್ಯ ವಿಷಯ. ಸಣ್ಣ ಶಾಪ್‌ಗಳಲ್ಲಿ ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳು ಇನ್ನೂ ಇವೆ. ತಿರುಗುವ ಚಕ್ರದ ಬಲವನ್ನು ಪ್ರೆಸ್‌ಗೆ ಜೋಡಿಸುವ ಅದರ ಕ್ಲಚ್ ಒಮ್ಮೆ ಹಿಡಿಯಿತು ಅಂದರೆ ರ‍್ಯಾಮ್ ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲುತ್ತದೆ. ಮಧ್ಯದಲ್ಲಿ ನಿಲ್ಲಿಸಲು ಆಗುವುದಿಲ್ಲ. ಅಂಥ ಪ್ರೆಸ್‌ಗೆ ಲೈಟ್ ಕರ್ಟನ್ ಹಾಕಿಸಿ ‘ಸುರಕ್ಷಿತ’ ಅಂತ ಬರೆದರೆ ನೀವೇ ಒಬ್ಬರ ಕೈ ಒಳಗೆ ಕಳಿಸಿದಂತೆ. ಅದಕ್ಕೆ ಕೈ ಹೋಗದಷ್ಟು ಸಂದಿ ಇರುವ ಗಟ್ಟಿ ಗಾರ್ಡ್ ಬೇಕು, ಇಲ್ಲವೇ ಪ್ರೆಸ್ಸನ್ನೇ ಬದಲಿಸಬೇಕು. ನಿಮ್ಮಲ್ಲಿ ಯಾವ ಪ್ರೆಸ್‌ಗೆ ಯಾವ ಕ್ಲಚ್ ಇದೆ ಅನ್ನುವ ಪಟ್ಟಿಯನ್ನು ಮೊದಲ ದಿನವೇ ಮಾಡಿಕೊಳ್ಳಿ.

ಗಾರ್ಡ್ ಬಿಚ್ಚಿಟ್ಟಿದ್ದು ಕಂಡರೆ ಆಪರೇಟರ್ ಹೆಸರು ಬರೆದುಕೊಂಡು ಹೋಗಬೇಡಿ. ಯಾಕೆ ಬಿಚ್ಚಿದರು ಅಂತ ಕೇಳಿ. ಇಲ್ಲೇ ನಮ್ಮ ಕನ್ನಡ ಕೆಲಸಕ್ಕೆ ಬರುತ್ತದೆ. ಕಾಂಟ್ರಾಕ್ಟ್ ಹುಡುಗರಲ್ಲಿ ಕಲಬುರಗಿ, ಯಾದಗಿರಿ, ಬೀದರ್ ಕಡೆಯವರು ಸಿಗುತ್ತಾರೆ. ಸೂಪರ್‌ವೈಸರ್ ಜೊತೆಗಿದ್ದರೆ ಅವರು ಎಲ್ಲದಕ್ಕೂ ‘ಹೌದ್ರಿ’ ಅನ್ನುತ್ತಾರೆ. ಚಹಾ ಹೊತ್ತಿನಲ್ಲಿ ಊರು ಕೇರಿ ಮಾತಾಡಿ, ಆಮೇಲೆ ಕೇಳಿ. ‘ಜಾಬ್ ಡೈದಾಗ ಸಿಗಿಬೀಳ್ತದ್ರೀ ಸರ, ಕೈ ಹಾಕಲಿಲ್ಲಂದ್ರ ಬರಂಗಿಲ್ಲ’ ಅಂತ ನಿಜ ಹೊರಗೆ ಬರುತ್ತದೆ. ಜಾಬ್ ಅಂದರೆ ಪ್ರೆಸ್‌ನಲ್ಲಿ ತಯಾರಾಗುವ ಭಾಗ. ಆಗ ನಿಮ್ಮ ವರದಿಯಲ್ಲಿ ಬರೆಯಬೇಕಾದ್ದು ಗೊತ್ತಾಯಿತಲ್ಲ: ಡೈಗೆ ಜಾಬನ್ನು ಹೊರಗೆ ತಳ್ಳುವ ಇಜೆಕ್ಟರ್ ಬೇಕು, ಅಥವಾ ಗಾಳಿ ಊದಿ ತೆಗೆಯುವ ಏರ್ ಬ್ಲೋ, ಅಥವಾ ಉದ್ದ ಚಿಮಟ. ‘ಆಪರೇಟರ್‌ಗೆ ತಿಳಿವಳಿಕೆ ಕೊಡಬೇಕು’ ಅಂತ ಬರೆದರೆ ಜಾಬ್ ನಾಳೆಯೂ ಸಿಕ್ಕಿಬೀಳುತ್ತದೆ. ಒಂದು ರೌಂಡನ್ನು ರಾತ್ರಿ ಶಿಫ್ಟ್‌ನಲ್ಲಿ ಮಾಡಿ. ಡೈ ಬದಲಿಸುವುದನ್ನೂ ನಿಂತು ನೋಡಿ. ಆಗ ಮೇನ್ ಸ್ವಿಚ್‌ಗೆ ಬೀಗ ಹಾಕಿರಬೇಕು, ಅದರ ಕೀಲಿ ಡೈ ಬದಲಿಸುವವನ ಜೇಬಿನಲ್ಲೇ ಇರಬೇಕು. ರ‍್ಯಾಮ್ ಜಾರದಂತೆ ಸೇಫ್ಟಿ ಬ್ಲಾಕ್ ಇಟ್ಟಿರಬೇಕು.

ಬೆಂಕಿ ವಿಷಯಕ್ಕೆ ಬಂದರೆ, ಹೊರಗೆ ಹೋಗುವ ದಾರಿಯೇ ಮೊದಲು. ನಿಮ್ಮ ಪಕ್ಕದ ತಳವಡೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಕೇಕ್ ಮೇಲೆ ಹಚ್ಚುವ ಕಿಡಿ ಮೇಣದಬತ್ತಿ ಮಾಡುವ ಶೆಡ್‌ಗೆ ಬೆಂಕಿ ಬಿದ್ದು ಹಲವು ಹೆಂಗಸರು ಜೀವ ಕಳೆದುಕೊಂಡರು. ನಿಮ್ಮ ಶಾಪ್‌ನ ಎರಡನೇ ಬಾಗಿಲ ಮುಂದೆ ಸ್ಕ್ರ್ಯಾಪ್ ಬಿನ್ ನಿಂತಿದೆಯಾ, ಬೀಗ ಬಿದ್ದಿದೆಯಾ, ನೋಡಿ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತೆ ಕಾಯ್ದೆ ಪ್ರಕಾರ ಜನವರಿ ಮತ್ತು ಜುಲೈನಲ್ಲಿ, ವರ್ಷಕ್ಕೆ ಎರಡು ಸಲ, ಉಪಕರಣಗಳು ಸರಿ ಇವೆ ಅನ್ನುವ ಸರ್ಟಿಫಿಕೇಟ್ ಕೊಡಬೇಕು. ಲೈಸೆನ್ಸ್ ಇರುವ ಏಜೆನ್ಸಿಯಿಂದ ಪಡೆದ ಅದರ ಪ್ರತಿ ಕೇಳಿ.

ಇನ್ನು ಕಾಗದ. ಇಂಟರ್‌ನೆಟ್‌ನಲ್ಲಿ ಸಿಗುವ ಚೆಕ್‌ಲಿಸ್ಟ್‌ಗಳಲ್ಲಿ 1948ರ ಫ್ಯಾಕ್ಟರೀಸ್ ಆಕ್ಟ್‌ನ ಸೆಕ್ಷನ್ ನಂಬರ್‌ಗಳೇ ಜಾಸ್ತಿ. 2025ರ ನವೆಂಬರ್ 21ರಿಂದ ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಹೊಸ ಕಾನೂನಾದ 2020ರ ಓಎಸ್‌ಎಚ್ ಕೋಡ್ ಜಾರಿಗೆ ಬಂದಿದೆ, ಹಾಗಾಗಿ ನಂಬರ್‌ಗಳನ್ನು ಕಣ್ಣುಮುಚ್ಚಿ ನಕಲು ಮಾಡಬೇಡಿ. ಹೊಸ ಕೋಡ್ ಪ್ರಕಾರ ಕೆಲಸಗಾರರಿಗೆ ನೇಮಕಾತಿ ಪತ್ರ ಕೊಡಬೇಕು. ಪೆಟ್ಟಾಗಿ 48 ಗಂಟೆ ಅಥವಾ ಜಾಸ್ತಿ ಕೆಲಸಕ್ಕೆ ಬರಲಾಗದಿದ್ದರೆ ಸರ್ಕಾರಕ್ಕೆ ತಿಳಿಸಬೇಕು ಅನ್ನುವುದು ಹಳೆಯದರಲ್ಲೂ ಇತ್ತು, ಹೊಸದರಲ್ಲೂ ಇದೆ. ಮಹಾರಾಷ್ಟ್ರದಲ್ಲಿ ಇದನ್ನು ನೋಡುವ ಇಲಾಖೆ ‘ಡಿಶ್’, ಅಂದರೆ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯ. ಅಪಘಾತ ರಿಜಿಸ್ಟರ್ ಖಾಲಿ ಇದ್ದು ಫಸ್ಟ್ ಏಡ್ ಡಬ್ಬಿಯ ಬ್ಯಾಂಡೇಜ್ ಮಾತ್ರ ತಿಂಗಳು ತಿಂಗಳು ಮುಗಿಯುತ್ತಿದ್ದರೆ, ಹಾಜರಿ ಪುಸ್ತಕದ ಜೊತೆ ತಾಳೆ ನೋಡಿ. ಕ್ರೇನ್‌ನ ವಾರ್ಷಿಕ ಪರೀಕ್ಷೆ, ಕಂಪ್ರೆಸರ್ ಟ್ಯಾಂಕ್‌ನ ಪರೀಕ್ಷೆ, ಇವುಗಳ ತಾರೀಕು ಮೀರಿದೆಯಾ ಅಂತ ಒಮ್ಮೆ ನೋಡಿಕೊಂಡರೆ ಸಾಕು.

ವರದಿಯಲ್ಲಿ ಪ್ರತಿ ದೋಷಕ್ಕೂ ಮಷಿನ್ ನಂಬರ್, ಫೋಟೋ, ಯಾರು ಸರಿ ಮಾಡಬೇಕು, ಯಾವ ತಾರೀಕಿನೊಳಗೆ ಅಂತ ಬರೆಯಿರಿ. ಆದರೆ ಯಾರಾದರೂ ಕೈ ಕಳೆದುಕೊಳ್ಳುವಂಥ ಪ್ರೆಸ್ ಕಂಡರೆ ವರದಿಗೆ ಕಾಯಬೇಡಿ. ಅವತ್ತೇ ಪ್ಲಾಂಟ್ ಹೆಡ್‌ಗೆ ಹೇಳಿ ನಿಲ್ಲಿಸಿ, ಅದೇ ಮಾತನ್ನು ಇಮೇಲ್‌ನಲ್ಲೂ ಹಾಕಿ. ಪ್ರೊಡಕ್ಷನ್‌ನವರು ಬೇಸರ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ. ಗಾರ್ಡ್ ಹಾಕಿದ ಮೇಲೆ ಅದೇ ಆಪರೇಟರ್ ಹತ್ತಿರ ಮತ್ತೆ ಹೋಗಿ, ಈಗ ಜಾಬ್ ಸರಿಯಾಗಿ ಬರುತ್ತಿದೆಯಾ ಅಂತ ಕೇಳಿ.