ಸೈಕಲ್ ಅಂಗಡಿ: ಅಗ್ಗ ನೋಡಬೇಕೋ, ಸರ್ವಿಸ್ ನೋಡಬೇಕೋ?

ಪ್ರಶ್ನೆ: ಮಗಳಿಗೆ ಗೇರ್ ಸೈಕಲ್ ಕೊಡಿಸಬೇಕು. ಕಲಬುರಗಿಯ ಒಂದು ಅಂಗಡಿಯಲ್ಲಿ ಸಾವಿರ ರೂಪಾಯಿ ಕಡಿಮೆ, ಸರ್ವಿಸ್ ಇಲ್ಲ. ಇನ್ನೊಂದರಲ್ಲಿ 3 ಸರ್ವಿಸ್ ಉಚಿತ. ಯಾವುದು ಒಳ್ಳೆಯದು?
– ಓದುಗರು, ಸೇಡಂ

ಉತ್ತರ: ಎರಡನೇ ಅಂಗಡಿಯ ಮೇಸ್ತ್ರಿ ಕೆಲಸ ಬಲ್ಲವನಾದರೆ ಅದೇ ಸರಿ. ಹೊಸ ಸೈಕಲ್ಲಿನ ಗೇರ್, ಬ್ರೇಕ್ ಕೇಬಲ್‌ಗಳು ಕೆಲವೇ ವಾರಗಳಲ್ಲಿ ಸಡಿಲಾಗುತ್ತವೆ, ಸ್ಪೋಕ್‌ಗಳೂ ಅಷ್ಟೇ. ಆಗ ಬಿಗಿ ಮಾಡಿಸದಿದ್ದರೆ ಗೇರ್ ಜಿಗಿಯುತ್ತದೆ, ರಿಮ್ ಓಲಾಡಿ ಸ್ಪೋಕ್ ಮುರಿಯುತ್ತದೆ. ಕೊಳ್ಳುವಾಗಲೇ ಹಿಂದಿನ ಚಕ್ರ ಎತ್ತಿ ಪೆಡಲ್ ತಿರುಗಿಸಿ, ಎಲ್ಲ ಗೇರ್ ಹಾಕಿಸಿ ನೋಡಿ. ಎಡ ಪೆಡಲ್‌ನ ಥ್ರೆಡ್ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ, ಎಡಕ್ಕೆ ತಿರುವಿದರೇ ಬಿಗಿಯಾಗುವುದು. ಅವಸರದಲ್ಲಿ ಬಲಕ್ಕೆ ತಿರುವಿ ಬಿಗಿದರೆ ಕ್ರ್ಯಾಂಕ್‌ನ (ಪೆಡಲ್ ಕೂರುವ ತೋಳಿನ) ಥ್ರೆಡ್ಡೇ ಹಾಳಾಗುತ್ತದೆ, ಆಮೇಲೆ ಕ್ರ್ಯಾಂಕ್ ಬದಲಿಸುವ ಖರ್ಚು ನಿಮ್ಮದೇ. ಉಚಿತ ಸರ್ವಿಸ್‌ನಲ್ಲಿ ಚಕ್ರದ ಬೆಂಡ್ ತೆಗೆಯುವುದು ಸೇರಿದೆಯೇ ಎಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಜಾಲಿಮುಳ್ಳಿನ ಪಂಕ್ಚರ್ ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ.