ಪಿ.ಟಿ. ಮೇಷ್ಟ್ರ ಕೆಲಸ ಹೋಗಬೇಕಿತ್ತಾ?

(ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗಬಾರದೆಂದು ಊರಿನ ಹೆಸರು ಬಿಟ್ಟು, ಮನೆಯ ಕೆಲವು ವಿವರ ಬದಲಿಸಿದ್ದೇನೆ.)

ಅವರು ಒಂದು ಖಾಸಗಿ ಶಾಲೆಯ ದೈಹಿಕ ಶಿಕ್ಷಕರು. ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಾಗ ಅಮಾನತಿನಲ್ಲಿದ್ದರು. ಜೊತೆಗೆ ಹೆಂಡತಿ ಬಂದಿದ್ದರು. ಕೂತ ಕೂಡಲೇ ಮೇಷ್ಟ್ರು ಕೇಳಿದರು: "ಅವತ್ತು ಭಾನುವಾರ ಮೇಡಂ. ನಾನು ಶಾಲೆಯಲ್ಲಿರಲಿಲ್ಲ. ಹೊಡೆದದ್ದು ನಮ್ಮ ಬೀದಿ ನಾಯಿಗೆ. ಇದಕ್ಕೂ ನನ್ನ ಕೆಲಸಕ್ಕೂ ಏನ್ ಸಂಬಂಧ?"

ನಡೆದದ್ದು ಹೀಗೆ. ಒಂದು ಹೆಣ್ಣು ನಾಯಿ ಅವರ ಕಾಂಪೌಂಡ್ ಪಕ್ಕ, ಚರಂಡಿಯ ಚಪ್ಪಡಿ ಕೆಳಗೆ ಮರಿ ಹಾಕಿತ್ತು. ಮರಿ ಇರುವ ನಾಯಿ ಹತ್ತಿರ ಹೋದವರ ಮೇಲೆ ಎಗರುವುದು ಇದ್ದದ್ದೇ. ಏಳನೇ ಕ್ಲಾಸಿನ ಮಗಳು ಸೈಕಲ್ ಹೊಡೆದುಕೊಂಡು ಬರುವಾಗ ಬೊಗಳುತ್ತಾ ಹಿಂದೆ ಓಡಿತು. ಹುಡುಗಿ ಗಾಬರಿಯಿಂದ ಬಿದ್ದು ಮೊಣಕಾಲು ತರಚಿಕೊಂಡಳು. ನಾಯಿ ಕಚ್ಚಿರಲಿಲ್ಲ. ಅಳುತ್ತಾ ಬಂದ ಮಗಳನ್ನು ನೋಡಿದ್ದೇ ತಡ, ಮೇಷ್ಟ್ರು ಕಿಟ್ ಬ್ಯಾಗಿನಿಂದ ಕ್ರಿಕೆಟ್ ಸ್ಟಂಪ್ ಎಳೆದುಕೊಂಡು ಹೊರಗೆ ಹೋದರು. ಎದುರು ಮನೆ ಮಹಡಿಯಿಂದ ಯಾರೋ ವಿಡಿಯೊ ಮಾಡಿದರು. ರಾತ್ರಿ ಹೊತ್ತಿಗೆ ಅದು ಪೋಷಕರ ವಾಟ್ಸಾಪ್ ಗುಂಪಿಗೆ ಬಂತು. "ಇಂಥವರ ಕೈಗೆ ನಮ್ಮ ಮಕ್ಕಳನ್ನು ಕೊಡೋದಾ?" ಎಂದು ಶುರುವಾದದ್ದು ಬೆಳಗಾಗುವಷ್ಟರಲ್ಲಿ "ಕಿತ್ತು ಹಾಕಿ" ಎಂಬಲ್ಲಿಗೆ ಮುಟ್ಟಿತ್ತು. ನಾಯಿಯ ಹಿಂಗಾಲು ಮುರಿದಿತ್ತು. ಅದಕ್ಕೆ ದಿನಾ ಅನ್ನ ಹಾಕುತ್ತಿದ್ದ ಹೂ ಮಾರುವ ಅಜ್ಜಿ ಪ್ರಾಣಿ ದಯೆಯವರಿಗೆ ಹೇಳಿ, ಅವರು ಪೊಲೀಸ್ ದೂರು ಕೊಟ್ಟಿದ್ದರು.

ಮೇಷ್ಟ್ರ ಪ್ರಶ್ನೆಗೆ ನಾನು ಆಗಲೇ ಉತ್ತರ ಕೊಡಲಿಲ್ಲ. ಒಟ್ಟಿಗೆ ವಿಡಿಯೊ ನೋಡೋಣವಾ ಅಂತ ಕೇಳಿದೆ. ಬೇಡ ಎಂದರು. ಎರಡನೇ ಭೇಟಿಯಲ್ಲಿ ಒಪ್ಪಿದರು.

ಮೊದಲ ಏಟಿಗೇ ನಾಯಿ ಹಿಂದೆ ಸರಿಯುತ್ತದೆ. ಬಾಲ ಮುದುರಿಕೊಂಡು, ಅಲ್ಲಿ ನಿಂತಿದ್ದ ಕಾರಿನ ಕೆಳಗೆ ನುಗ್ಗಲು ನೋಡುತ್ತದೆ. ಮೈಯೆಲ್ಲಾ ಒಳಗೆ ಹೋಗುವುದಿಲ್ಲ, ಹಿಂಭಾಗ ಹೊರಗೇ ಉಳಿಯುತ್ತದೆ. ಆಮೇಲಿನ ಏಟುಗಳೆಲ್ಲಾ ಅಲ್ಲಿಗೆ ಬೀಳುತ್ತವೆ. ಮೇಷ್ಟ್ರು ಮೊಬೈಲ್ ಮೇಲೆ ಬೆರಳಿಟ್ಟು, "ಇಲ್ಲಿ ನಿಲ್ಲಿಸಬೇಕಿತ್ತು" ಎಂದರು.

"ಮೊದಲ ಏಟು ಮಗಳಿಗಾಗಿ ಅಂತಲೇ ಇಟ್ಟುಕೊಳ್ಳೋಣ. ಮಿಕ್ಕವು ಯಾರ ಮೇಲೆ ಬಿದ್ದವು ಮೇಷ್ಟ್ರೇ?" ಎಂದು ಕೇಳಿದೆ.

ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಅಣ್ಣನ ಜೊತೆಗಿನ ಜಮೀನು ಜಗಳ ಬಂತು. ತಿಂಗಳುಗಟ್ಟಲೆ ತಡವಾಗುವ ಸಂಬಳ, ಅವತ್ತು ಬೆಳಿಗ್ಗೆ ಸೊಸೈಟಿಯಿಂದ ಸಾಲ ಕಟ್ಟಲು ಬಂದ ಫೋನು, ಎಲ್ಲ ಬಂತು. ಇವ್ಯಾವುವೂ ನಾಯಿ ಮಾಡಿದ್ದಲ್ಲ. ಅದನ್ನು ಅವರೇ ಹೇಳಿದರು, ನಾನು ಹೇಳಬೇಕಾಗಲಿಲ್ಲ.

ವಕೀಲರು ಅವರಿಗೆ ಒಂದು ಸಮಾಧಾನ ಹೇಳಿದ್ದರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಅಷ್ಟೇ. "50 ರೂಪಾಯಿ ತಪ್ಪಿಗೆ ಕೆಲಸ ಕಳೆದುಕೊಳ್ಳಬೇಕಾ ಮೇಡಂ?" ನಾನು ವಕೀಲಳಲ್ಲ. ಆದರೆ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ 5 ವರ್ಷದವರೆಗೆ ಜೈಲು ಇದೆ ಎಂಬುದು ಗೊತ್ತಿತ್ತು. ಅದನ್ನೂ ವಕೀಲರ ಹತ್ತಿರ ಕೇಳಿ ಎಂದೆ. ಅವರ ಮಾತಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಕಾಯ್ದೆಯ ದಂಡ ಒಂದು ಕಾಫಿಯ ಬೆಲೆಯಷ್ಟಿದ್ದರೆ, ನೋಡಿದವರ ಸಂಕಟ ಎಲ್ಲಿಗೆ ಹೋಗಬೇಕು? ಅದು ಆ ಮನುಷ್ಯನ ಕೆಲಸದ ಕಡೆಗೇ ತಿರುಗುತ್ತದೆ. ಗುಂಪಿನಲ್ಲಿ ಕೂಗಿದ ಪೋಷಕರು ಕೆಟ್ಟವರಲ್ಲ. ಮಕ್ಕಳ ಬಗ್ಗೆ ಅವರಿಗೆ ಬಂದ ಭಯ ನಿಜವಾದದ್ದು.

ಕ್ರೀಡೆಯವರಾದ್ದರಿಂದ ಮೇಷ್ಟ್ರಿಗೆ ಇನ್ನೊಂದು ವಾದವೂ ಗೊತ್ತಿತ್ತು. ಇಂಗ್ಲೆಂಡಿನ ವೆಸ್ಟ್ ಹ್ಯಾಮ್ ಫುಟ್ಬಾಲ್ ಕ್ಲಬ್ಬಿನ ಕರ್ಟ್ ಜೂಮಾ ತನ್ನ ಬೆಕ್ಕಿಗೆ ಒದ್ದ ವಿಡಿಯೊ 2022ರ ಫೆಬ್ರವರಿಯಲ್ಲಿ ಹೊರಗೆ ಬಂತು. "ಅವನ ಕೆಲಸ ಹೋಗಲಿಲ್ಲವಲ್ಲ? ಆಟ ಆಡ್ತಾನೇ ಇದ್ದ" ಎಂದರು. ನಿಜ. ಕ್ಲಬ್ ಎರಡು ವಾರದ ಸಂಬಳ ದಂಡ ಹಾಕಿತು, ಕೆಲಸದಿಂದ ತೆಗೆಯಲಿಲ್ಲ. ಆದರೆ ಕೋರ್ಟಿನಲ್ಲಿ ಆತ ತಪ್ಪೊಪ್ಪಿಕೊಂಡ. 180 ಗಂಟೆ ಸಮುದಾಯ ಸೇವೆ ಮಾಡಬೇಕು, 5 ವರ್ಷ ಬೆಕ್ಕು ಸಾಕುವಂತಿಲ್ಲ ಎಂದು ಕೋರ್ಟು ಹೇಳಿತು. ಈ ಎರಡನೆಯದು ನನಗೆ ತುಂಬಾ ಸರಿ ಕಾಣುತ್ತದೆ. ಯಾವುದರ ಮೇಲೆ ಕೈ ಮಾಡಿದನೋ ಅದರಿಂದ ದೂರ ಇಟ್ಟರು. ಚೆಂಡಿಗೆ ಅವನಿಂದ ಏನೂ ಅಪಾಯವಿಲ್ಲ.

"ಹಾಗಾದರೆ ನಿಮ್ಮನ್ನು ಯಾವುದರಿಂದ ದೂರ ಇಡಬೇಕು?" ಎಂದು ಕೇಳಿದೆ. ಮೇಷ್ಟ್ರು ತಲೆ ತಗ್ಗಿಸಿದರು. ಲೇತ್ ಮೆಷೀನಿನ ಮುಂದೆ ಕೆಲಸ ಮಾಡುವವರೋ ಲೆಕ್ಕ ಬರೆಯುವವರೋ ಇದೇ ತಪ್ಪು ಮಾಡಿ ಬಂದಿದ್ದರೆ, ಕೆಲಸದಿಂದ ತೆಗೆಯುವುದು ಅನ್ಯಾಯ ಎಂದೇ ನಾನು ಹೇಳುತ್ತಿದ್ದೆ. ಕೋರ್ಟು ಕೊಟ್ಟ ಶಿಕ್ಷೆ ಅನುಭವಿಸಲಿ, ಅನ್ನಕ್ಕೆ ಕಲ್ಲು ಹಾಕುವುದು ಬೇಡ. ಆದರೆ ಮೇಷ್ಟ್ರ ಕೈಕೆಳಗೆ ಇರುವವರು ಮಕ್ಕಳು. ಮಕ್ಕಳನ್ನು ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಆದರೂ ಆಟದ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ಕೈಯಲ್ಲಿ ಒಂದು ಸೀಟಿ, ಒಂದು ಬೆತ್ತ ಇರುತ್ತದೆ ಅಲ್ವಾ? ಮೈದಾನದಲ್ಲಿ ಬೇರೆ ದೊಡ್ಡವರು ಯಾರೂ ಇರುವುದಿಲ್ಲ. ಬಿದ್ದ ಪೆಟ್ಟು ಎಲ್ಲರಿಗೂ ಹೇಳಲು ಹತ್ತು ವರ್ಷದ ಹುಡುಗನಿಗೆ ಬಾಯಿ ಬರುವುದಿಲ್ಲ. ಮಕ್ಕಳು, ಮುದುಕರು, ರೋಗಿಗಳು, ಪ್ರಾಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಇದ್ದವರಿಗೆ ಭಾನುವಾರ, ಸೋಮವಾರ ಎಂಬ ಭೇದ ಇಲ್ಲ ಎಂದೇ ನನ್ನ ಅಭಿಪ್ರಾಯ. ಅದನ್ನು ಅವರಿಗೆ ನೇರವಾಗಿ ಹೇಳಿದೆ.

ಆಮೇಲೆ ಹೆಂಡತಿ ಒಬ್ಬರೇ ಇದ್ದಾಗ ಅವರ ಜೊತೆ ಮಾತಾಡಿದೆ. ಇಂಥ ಪ್ರಕರಣದಲ್ಲಿ ಇದನ್ನು ನಾನು ಬಿಡುವುದಿಲ್ಲ. ಪ್ರಾಣಿಗೆ ಹಿಂಸೆ ಆಗುವ ಮನೆಯಲ್ಲಿ ಮನುಷ್ಯರಿಗೂ ಆಗುತ್ತಿರಬಹುದು ಎಂಬುದು ನಮ್ಮ ಕಸುಬಿನವರಿಗೆ ಗೊತ್ತಿರುವ ವಿಷಯ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೂಡ 2016ರಿಂದ ಪ್ರಾಣಿ ಹಿಂಸೆಯನ್ನು ಬೇರೆಯೇ ಅಪರಾಧವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ. ಹಾಗಂತ ನಾಯಿಗೆ ಹೊಡೆದವರೆಲ್ಲಾ ಹೆಂಡತಿಗೂ ಹೊಡೆಯುತ್ತಾರೆ ಎಂದಲ್ಲ. ಕೇಳಿ ತಿಳಿದುಕೊಳ್ಳಬೇಕು, ಅಷ್ಟೇ.

"ಕೈ ಮಾಡಿಲ್ಲ ಮೇಡಂ. ಆದರೆ ತಟ್ಟೆ ಎಸೀತಾರೆ" ಎಂದರು ಆಕೆ. ಸ್ವಲ್ಪ ತಡೆದು, "ಅವರ ಬೈಕ್ ಸದ್ದು ಕೇಳಿದರೆ ಮಗಳು ಪುಸ್ತಕ ಎತ್ಕೊಂಡು ಅತ್ತೆ ರೂಮಿಗೆ ಹೋಗ್ತಾಳೆ" ಎಂದರು. ಅಮಾನತಾದ ಮೇಲೆ ಇಡೀ ದಿನ ಮನೆಯಲ್ಲೇ ಇರುತ್ತಾರೆ, ಅದಕ್ಕೇ ಭಯ ಜಾಸ್ತಿಯಾಗಿದೆ ಎಂದೂ ಹೇಳಿದರು. ಕೆಲಸ ಕಿತ್ತುಕೊಳ್ಳಿ ಎನ್ನುವವರಿಗೆ ಈ ಮಾತು ಕೇಳಿಸಬೇಕು. ಶಾಲೆಯಿಂದ ಹೊರಗೆ ಹಾಕಿದ ಕೋಪ ಊರು ಬಿಟ್ಟು ಹೋಗುವುದಿಲ್ಲ. ಅದು ಮನೆ ಬಾಗಿಲು ಹಾಕಿಕೊಂಡು ಇಬ್ಬರು ಹೆಂಗಸರು, ಒಂದು ಮಗುವಿನ ಜೊತೆ ಕೂರುತ್ತದೆ.

ಆಕೆಗೆ ಮಹಿಳಾ ಸಹಾಯವಾಣಿ 181ರ ಬಗ್ಗೆ ಹೇಳಿದೆ. ತಟ್ಟೆಯ ಸದ್ದಾದ ದಿನ ಮಗಳನ್ನು ಕರೆದುಕೊಂಡು ಹೋಗಲು ಒಂದು ಮನೆ ಗೊತ್ತು ಮಾಡಿಕೊಳ್ಳಿ ಎಂದೆ. ಅಕ್ಕನ ಮನೆ ಎರಡು ಬೀದಿ ಆಚೆ ಇತ್ತು. ಈ ವಿಷಯ ಗಂಡನ ಮುಂದೆ ಎತ್ತಬಹುದಾ ಎಂದು ಕೇಳಿದೆ. ತಟ್ಟೆ ವಿಷಯ ಎತ್ತಿ, ಮಗಳ ವಿಷಯ ನಾನೇ ಹೇಳ್ತೀನಿ ಎಂದರು. ಮುಂದಿನ ವಾರ ನನ್ನ ಎದುರಿಗೇ ಹೇಳಿದರು. ಮೇಷ್ಟ್ರು ಅತ್ತರು. ಶಾಲೆಯವರ ನೋಟಿಸಿಗಿಂತ ಆ ಒಂದು ಮಾತು ಅವರಿಗೆ ಹೆಚ್ಚು ತಾಗಿತು.

ಮೇಷ್ಟ್ರಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ನಾಯಿಯ ಖರ್ಚು. ಪಶು ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ್ದರು, ಔಷಧಿಯ ಹಣ ಅಜ್ಜಿಯ ಕೈಯಿಂದ ಹೋಗುತ್ತಿತ್ತು. ಅದನ್ನು ಸುಮ್ನೆ ಕೊಟ್ಟು ಬನ್ನಿ, ಫೋಟೊ ತೆಗೆಸಿಕೊಂಡು ಗುಂಪಿಗೆ ಹಾಕಬೇಡಿ ಎಂದೆ. ವಾಟ್ಸಾಪಿನಲ್ಲಿ ಯಾರಿಗೂ ಉತ್ತರ ಬರೆಯುವುದು ಬೇಡ. ವಿಡಿಯೊ ಮಾಡಿದವರ ಮನೆಗೆ ಹೋಗುವುದಂತೂ ಬೇಡವೇ ಬೇಡ. ಶಾಲೆಗೆ ಕ್ಷಮಾಪಣೆ ಬರೆಯುವ ಮೊದಲು ವಕೀಲರಿಗೆ ತೋರಿಸಿ, ಅದು ಕೇಸಿನಲ್ಲೂ ಬಳಕೆಯಾಗಬಹುದು. ಆದರೆ ನಾಯಿ ಕಚ್ಚಿತ್ತು ಅಂತ ಮಾತ್ರ ಎಲ್ಲೂ ಬರೆಯಬೇಡಿ, ಅದು ಸುಳ್ಳು.

ಅವರ ಹಕ್ಕನ್ನೂ ಹೇಳಿದೆ. 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಯವರು ವಿಚಾರಣೆ ಮಾಡದೆ ಶಿಕ್ಷಕರನ್ನು ತೆಗೆಯುವಂತಿಲ್ಲ. ತೆಗೆದರೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಗುಂಪಿನ ಕೂಗಿಗೆ ಹೆದರಿ ನೀವಾಗಿಯೇ ರಾಜೀನಾಮೆ ಬರೆದುಕೊಡಬೇಡಿ. ವಿಚಾರಣೆಯಲ್ಲಿ "ರಜಾ ದಿನ, ನಿಮಗೇನು?" ಎನ್ನಬೇಡಿ. ಸದ್ಯಕ್ಕೆ ಮಕ್ಕಳಿಲ್ಲದ ಕಡೆ ಕೆಲಸ ಕೊಡಿ ಎಂದು ನೀವೇ ಕೇಳಿ. ಇದು ಅವರಿಗೆ ರುಚಿಸಲಿಲ್ಲ. ಮೈದಾನ ಬಿಟ್ಟರೆ ನಾನು ಯಾರು ಎಂದರು. ಒಪ್ಪಲು ಒಂದು ವಾರ ತೆಗೆದುಕೊಂಡರು.

ಕೋಪವನ್ನು ಹಿಡಿತಕ್ಕೆ ತರುವ ಕೆಲಸ ನಿಧಾನ. ಕೋಪ ಬರುವ ಮೊದಲು ಮೈಯಲ್ಲಿ ಏನಾಗುತ್ತದೆ ಎಂದು ಗಮನಿಸಲು ಹೇಳಿದೆ. ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ ಎಂದರು. ಕಿವಿ ಬಿಸಿಯಾದ ಕೂಡಲೇ ಕೈಯಲ್ಲಿ ಇರುವುದನ್ನು ಕೆಳಗಿಟ್ಟು ಮನೆಯಿಂದ ಆಚೆ ನಡೆಯಬೇಕು, ಹೆಂಡತಿ ಹಿಂದೆ ಬಂದು ಕರೆಯಬಾರದು. ಇದು ಇಬ್ಬರಿಗೂ ಒಪ್ಪಂದ. ನಿದ್ದೆ ಕೆಟ್ಟಿದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ ಎಂದೆ.

ಮಗಳು ಓದುವುದೂ ಅದೇ ಶಾಲೆಯಲ್ಲಿ. "ನಾಯಿ ಹೊಡೆದೋರ ಮಗಳು" ಅಂತ ಕ್ಲಾಸಿನಲ್ಲಿ ಆಡಿಕೊಳ್ಳುತ್ತಿದ್ದರು. ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಇದನ್ನು ಮೊದಲು ನಿಲ್ಲಿಸಿ ಎಂದೆ, ನಿಲ್ಲಿಸಿದರು. ಅವರೂ ಒಂದು ಕೇಳಿದರು: "ಈತ ಮಕ್ಕಳಿಗೆ ಅಪಾಯ ಇಲ್ಲ ಅಂತ ನೀವು ಬರೆದುಕೊಡ್ತೀರಾ?" ಆಗುವುದಿಲ್ಲ ಎಂದೆ. ನಾನು ಅವರ ಆಪ್ತಸಲಹೆಗಾರ್ತಿ. ನನ್ನ ಮುಂದೆ ಮನಸ್ಸು ಬಿಚ್ಚಿದವರ ಬಗ್ಗೆ ನಾನೇ ಸರ್ಟಿಫಿಕೇಟ್ ಬರೆದರೆ ಅವರು ಮುಂದೆ ನಿಜ ಹೇಳುವುದಿಲ್ಲ. ಮೇಷ್ಟ್ರು ಬರೆದುಕೊಟ್ಟ ಒಪ್ಪಿಗೆಯ ಮೇಲೆ, ತಪ್ಪದೆ ಬರುತ್ತಿದ್ದಾರೆ ಎಂದಷ್ಟೇ ತಿಳಿಸಿದೆ. ಅಪಾಯ ಇದೆಯೋ ಇಲ್ಲವೋ ಎಂಬುದನ್ನು ಅವರಿಗೆ ಚಿಕಿತ್ಸೆ ಕೊಡದ ಬೇರೆ ಮನೋವೈದ್ಯರಿಂದ ಬರೆಸಿಕೊಳ್ಳಿ ಎಂದೆ.

ವಿಚಾರಣೆ ಮುಗಿದು ಒಂದು ಇನ್‌ಕ್ರಿಮೆಂಟ್ ತಡೆಹಿಡಿದರು. ಆ ಶೈಕ್ಷಣಿಕ ವರ್ಷ ಪೂರ್ತಿ ಮೈದಾನ ಇಲ್ಲ. ಕಚೇರಿಯಲ್ಲಿ ದಾಖಲಾತಿ, ಕ್ರೀಡಾ ಸಾಮಾನಿನ ಲೆಕ್ಕ. ಕೆಲವು ಪೋಷಕರಿಗೆ ಇದು ಸಾಲಲಿಲ್ಲ, ಮಕ್ಕಳ ಟಿ.ಸಿ. ತೆಗೆದುಕೊಂಡು ಹೋದರು. ನನಗೆ ಶಾಲೆಯವರು ಮಾಡಿದ್ದು ಸರಿ ಕಾಣುತ್ತದೆ. ಹಿಂದೆ ಯಾವ ಮಗುವಾದರೂ ಇವರ ಮೇಲೆ ದೂರು ಹೇಳಿತ್ತಾ ಎಂದು ವಿಚಾರಣೆಯಲ್ಲಿ ಹುಡುಕಿದ್ದರು, ಸಿಗಲಿಲ್ಲ. ಒಂದು ದೂರು ಸಿಕ್ಕಿದ್ದರೂ ಕಚೇರಿಯ ಕೆಲಸವೂ ಬೇಡ ಎನ್ನುತ್ತಿದ್ದೆ. ಪೊಲೀಸ್ ಕೇಸು ಇನ್ನೂ ಇದೆ.

ಮರಿಗಳಲ್ಲಿ ಎರಡನ್ನು ಯಾರೋ ಸಾಕಲು ಒಯ್ದರು. ತಾಯಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ನಗರಸಭೆಯವರು ಅದೇ ಬೀದಿಗೆ ತಂದು ಬಿಟ್ಟಿದ್ದಾರೆ. ಮೇಷ್ಟ್ರನ್ನು ಕಂಡರೆ ಕುಂಟುತ್ತಾ ಚರಂಡಿ ದಾಟುತ್ತದಂತೆ.

ಹೋದ ತಿಂಗಳು ಬಂದಾಗ, ಜೂನ್‌ನಲ್ಲಿ ಮತ್ತೆ ಪಿ.ಟಿ. ಕ್ಲಾಸು ಕೇಳಬಹುದಾ ಎಂದರು. ಮನೋವೈದ್ಯರ ವರದಿ ಬರಲಿ, ಅದರ ಜೊತೆಗೆ ಅರ್ಜಿ ಹಾಕಿ ಎಂದೆ. ಶಾಲೆ ಒಪ್ಪಿದರೂ ಮೊದಲ ವರ್ಷ ಇನ್ನೊಬ್ಬ ಶಿಕ್ಷಕರು ಮೈದಾನದಲ್ಲಿ ಇರಬೇಕು, ಬೆತ್ತ ಮಾತ್ರ ಬೇಡ ಎಂದು ಅರ್ಜಿಯಲ್ಲಿ ನೀವೇ ಬರೆಯಿರಿ ಎಂದೆ. ಬರೆದು ತಂದು ತೋರಿಸುತ್ತೇನೆ ಎಂದು ಹೋಗಿದ್ದಾರೆ.