ಸ್ಪೇಸ್‌ಬಾರ್, ಶಿಫ್ಟ್ ಕ್ಯಾಪ್ ಕಿತ್ತ ಮೇಲೆ ಮತ್ತೆ ಸರಿಯಾಗಿ ಕೂರುತ್ತಿಲ್ಲ, ಕೀಬೋರ್ಡ್ ಹಾಳಾಯಿತಾ?

ಹೊಸ ಕೀಬೋರ್ಡ್ ತಗೊಳ್ಳೋಕೆ ಹೋಗಬೇಡಿ, ಸ್ವಲ್ಪ ತಡೀರಿ. ಧೂಳು ತೆಗೆಯೋಕೆ ಕೀಗಳ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಅಂದರೆ ಕ್ಯಾಪ್‌ಗಳನ್ನೆಲ್ಲ ಕಿತ್ತು ತೊಳೆದಿದ್ದೀರಿ. ಅಕ್ಷರದ ಕೀಗಳು ಸಲೀಸಾಗಿ ಕೂತಿವೆ. ಸ್ಪೇಸ್‌ಬಾರ್ ಮತ್ತು ಎಡಗಡೆ ಶಿಫ್ಟ್ ಮಾತ್ರ ಒಂದು ಬದಿ ಎದ್ದು ನಿಂತಿವೆ, ಒತ್ತಿದರೆ ಕೆಳಗೇ ಉಳಿಯುತ್ತವೆ ಅಂತೀರಿ. ಪ್ರತಿ ಕೀಯ ಅಡಿಯಲ್ಲೂ ಬೇರೆ ಬೇರೆ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡ್‌ನಲ್ಲಿ ಇದು ಸಾಮಾನ್ಯವಾಗಿ ಸ್ವಿಚ್‌ನ ತೊಂದರೆ ಅಲ್ಲ. ಕ್ಯಾಪ್‌ನ ಅಡಿಯ ತಂತಿ ಜಾಗದಲ್ಲಿಲ್ಲ, ಅಷ್ಟೇ.

ನಾನು ಕಲಬುರಗಿಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಬಾಗಿಲು ಹಾಕಿಕೊಂಡು ಕೂರೋಕಾಗಲ್ಲ, ತೆರೆದರೆ ಧೂಳು. ಹಾಗಾಗಿ ಆಗಾಗ ಕ್ಯಾಪ್ ಕೀಳುವುದು ನನಗೆ ಅಭ್ಯಾಸ. ಕನ್ನಡ ಟೈಪ್ ಮಾಡುವವರಿಗೆ ಶಿಫ್ಟ್ ಕೀ ಎಷ್ಟು ಮುಖ್ಯ ಅನ್ನೋದೂ ಗೊತ್ತು. ಕೆ. ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ದೀರ್ಘಕ್ಕೆ, ಮಹಾಪ್ರಾಣಕ್ಕೆ, ಣ ಮತ್ತು ಳ ಅಕ್ಷರಗಳಿಗೆ ಅದನ್ನೇ ಒತ್ತಬೇಕು. 'ಕಲಬುರಗಿ' ಅಂತ ಹೊಡೆಯೋಕೆ ಶಿಫ್ಟ್ ಬೇಡ, 'ಬೀದರ್' ಮತ್ತು 'ಯಾದಗಿರಿ'ಗೆ ಬೇಕು. ದಿನಕ್ಕೆ ಸಾವಿರಾರು ಸಲ ಒತ್ತುವ ಕೀ ಅಡ್ಡ ನಿಂತರೆ ಕೆಲಸವೇ ನಿಲ್ಲುತ್ತದೆ.

ಮೊದಲು ಕೀಬೋರ್ಡ್‌ನ ಕೇಬಲ್ ತೆಗೆಯಿರಿ. ತೊಳೆದ ಕ್ಯಾಪ್‌ಗಳ ಒಳಗಿನ ತೂತುಗಳಲ್ಲಿ ನೀರು ಉಳಿದಿದೆಯಾ ನೋಡಿ. ಉಳಿದಿದ್ದರೆ ಒಂದು ರಾತ್ರಿ ನೆರಳಲ್ಲಿ ಒಣಗಿಸಿ. ನಮ್ಮ ಕಡೆಯ ಬಿಸಿಲಿಗೆ ಮಾತ್ರ ಇಡಬೇಡಿ. ಉದ್ದನೆಯ ಸ್ಪೇಸ್‌ಬಾರ್ ಸ್ವಲ್ಪ ಸೊಟ್ಟಗಾದರೂ ಆಮೇಲೆ ಸರಿಹೋಗಲ್ಲ.

ಈಗ ಸ್ಪೇಸ್‌ಬಾರ್ ತಿರುಗಿಸಿ ನೋಡಿ. ನಡುವೆ ಕೂಡಿಸುವ ಗುರುತಿನಂಥ (+) ತೂತು ಇರುತ್ತದೆ, ಅದು ಸ್ವಿಚ್‌ಗೆ. ಎರಡೂ ಬದಿಗೆ ಅಂಥದ್ದೇ ತೂತು ಇದ್ದು, ಕೀಬೋರ್ಡ್ ಮೇಲೂ ಸ್ವಿಚ್‌ನ ಅಕ್ಕಪಕ್ಕ ಕೂಡಿಸುವ ಗುರುತಿನ ಪುಟ್ಟ ಕಂಬಗಳು ಕಂಡರೆ ನಿಮ್ಮದು ಚೆರ್ರಿ ಮಾದರಿಯ ಸ್ಟೆಬಿಲೈಜರ್, ಅಂದರೆ ಉದ್ದ ಕೀ ಓಲದಂತೆ ಹಿಡಿಯುವ ಭಾಗ. ಎರಡು ಕಂಬಗಳನ್ನು ಒಂದು ಉಕ್ಕಿನ ತಂತಿ ಜೋಡಿಸುತ್ತದೆ. ಕೀಯ ತುದಿಯಲ್ಲಿ ಒತ್ತಿದರೂ ಇಡೀ ಕ್ಯಾಪ್ ಸಮನಾಗಿ ಇಳಿಯುವುದು ಆ ತಂತಿಯಿಂದಲೇ.

ಬಹಳ ಜನ ಇಲ್ಲಿ ಮಾಡುವ ತಪ್ಪು ಏನಂದ್ರೆ, ಕ್ಯಾಪ್ ಇಟ್ಟು ನಡುವೆ ಹೆಬ್ಬೆರಳಿಂದ ಒತ್ತಿಬಿಡುತ್ತಾರೆ. ನಾನೂ ಮೊದಲ ಸಲ ಹಾಗೇ ಒತ್ತಿ ತಂತಿ ಬಗ್ಗಿಸಿದ್ದೆ. ಹಾಗೆ ಮಾಡಬೇಡಿ. ಹಲ್ಲುಕಡ್ಡಿಯಿಂದ ಎರಡೂ ಕಂಬಗಳನ್ನು ಮೇಲಕ್ಕೆತ್ತಿ ಒಂದೇ ಎತ್ತರಕ್ಕೆ ತನ್ನಿ. ಕ್ಯಾಪ್‌ನ ಮೂರೂ ತೂತುಗಳು ಈ ಎರಡು ಕಂಬ ಮತ್ತು ನಡುವಿನ ಸ್ವಿಚ್‌ನ ಕಂಬ, ಮೂರರ ಮೇಲೂ ನೆಟ್ಟಗೆ ಬಂದಿವೆಯಾ ಅಂತ ಬದಿಯಿಂದ ಬಗ್ಗಿ ನೋಡಿ. ಆಮೇಲೆ ಸಾವಕಾಶವಾಗಿ ಎಡಗಡೆ ಕಂಬದ ಮೇಲೆ, ಬಲಗಡೆ ಕಂಬದ ಮೇಲೆ, ಕೊನೆಗೆ ನಡುವೆ ಒತ್ತಿ. ಕೂತಾಗ ಬೆರಳಿಗೇ ಗೊತ್ತಾಗುತ್ತದೆ.

ಕಂಬಗಳ ಬದಲು ಬರೀ ತಂತಿ ಕಂಡು, ಕ್ಯಾಪ್‌ನ ಒಳಗೆ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳಿದ್ದರೆ ಅದು ಕೋಸ್ಟಾರ್ ಮಾದರಿ. ಅಲ್ಲಿ ಕ್ಯಾಪನ್ನು ಓರೆಯಾಗಿ ಹಿಡಿದು ತಂತಿಯ ಒಂದು ತುದಿಯನ್ನು ಆ ತುಂಡಿನ ಸೀಳಿಗೆ ಸಿಕ್ಕಿಸಬೇಕು, ಆಮೇಲೆ ಇನ್ನೊಂದು ತುದಿ. ಎರಡೂ ಸಿಕ್ಕಿದ ಮೇಲಷ್ಟೇ ನಡುವೆ ಒತ್ತುವುದು. ತಾಳ್ಮೆ ಬೇಕು, ಎರಡು ಮೂರು ಸಲ ಜಾರಿಯೇ ಜಾರುತ್ತದೆ.

ಇಷ್ಟಾದರೂ ಒಂದು ಬದಿ ಏಳದಿದ್ದರೆ ಒಂದು ಪರೀಕ್ಷೆ ಮಾಡಿ. ಪಕ್ಕದ ಸಂದೂ ಸೇರಿ ಒಂದು ಅಕ್ಷರದ ಕೀ ಹಿಡಿಯುವ ಅಗಲವನ್ನು 1 ಯು ಅಂತಾರೆ, ಅಂದರೆ 19.05 ಮಿ.ಮೀ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಕೀಬೋರ್ಡ್‌ಗಳಲ್ಲಿ ಎಡ ಶಿಫ್ಟ್ ಮತ್ತು ಎಂಟರ್ ಎರಡೂ 2.25 ಯು. ಅವೆರಡರ ಕ್ಯಾಪ್ ಅದಲು ಬದಲು ಮಾಡಿ. ತೊಂದರೆ ಕ್ಯಾಪ್ ಜೊತೆಗೇ ಎಂಟರ್ ಜಾಗಕ್ಕೆ ಹೋದರೆ ಕ್ಯಾಪ್‌ನದೇ ದೋಷ. ಶಿಫ್ಟ್ ಜಾಗದಲ್ಲೇ ಉಳಿದರೆ ತಂತಿಯ ದೋಷ. ಸುಮ್ನೆ ಊಹೆ ಮಾಡಿ ಎಲ್ಲವನ್ನೂ ಬಿಚ್ಚೋದಕ್ಕಿಂತ ಇದು ಎಷ್ಟೋ ವಾಸಿ.

ತಂತಿಯದಾದರೆ, ಕ್ಯಾಪ್ ಕೀಳುವಾಗ ಅದು ತನ್ನನ್ನು ಕೀಬೋರ್ಡ್‌ಗೆ ಹಿಡಿದಿಡುವ ಪ್ಲಾಸ್ಟಿಕ್ ಹಿಡಿಕೆಯಿಂದ ಹೊರಬಂದಿರಬಹುದು. ತಂತಿಯ ತುದಿ ಕಂಬದ ತೂತಿನಲ್ಲಿದೆಯಾ, ಮೈ ಹಿಡಿಕೆಯೊಳಗೆ ಕೂತಿದೆಯಾ ಟಾರ್ಚ್ ಹಿಡಿದು ನೋಡಿ. ಹೊರಗಿದ್ದರೆ ಚಿಕ್ಕ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಒಳಗೆ ತಳ್ಳಿ. ಬಗ್ಗಿದೆ ಅನ್ನಿಸಿದರೆ ಬಿಚ್ಚಿ, ಒಂದು ಕನ್ನಡಿ ತುಂಡಿನ ಮೇಲಿಟ್ಟು ಬೆರಳಿಂದ ತಟ್ಟಿ. ಒಂದು ತುದಿ ಅಲ್ಲಾಡಿದರೆ ಬಗ್ಗಿದೆ ಅಂತಲೇ ಅರ್ಥ, ಕೈಯಿಂದಲೇ ಎದುರು ಬದಿಗೆ ತುಸು ತುಸುವೇ ಒತ್ತಿ ನೇರ ಮಾಡಿ.

ಎಣ್ಣೆ ಮಾತ್ರ ಬಿಡಬೇಡಿ, ಕೊಬ್ಬರಿ ಎಣ್ಣೆಯೂ ಬೇಡ, ಹೊಲಿಗೆ ಯಂತ್ರದ ಎಣ್ಣೆಯೂ ಬೇಡ. ಧೂಳು ಹಿಡಿದು ಅಂಟಾಗುತ್ತದೆ. ತಂತಿಯ ತುದಿಗೆ ಸಾಸಿವೆ ಕಾಳಿನಷ್ಟು ಡೈಎಲೆಕ್ಟ್ರಿಕ್ ಗ್ರೀಸ್ (ವಿದ್ಯುತ್ ಹರಿಯಬಿಡದ ಗ್ರೀಸ್) ಸಾಕು.

ಕ್ಯಾಪ್ ಸೀಳಿದ್ದರೆ ಅಂಟು ಹಚ್ಚಬೇಡಿ, ಅದು ಒಳಗಿಳಿದರೆ ಸ್ವಿಚ್ಚೂ ಹೋಗುತ್ತದೆ. ಬೇರೆ ಕ್ಯಾಪ್ ತರಿಸಿ. ಆದರೆ ತರಿಸುವ ಮುಂಚೆ ಸ್ಪೇಸ್‌ಬಾರನ್ನು ಸ್ಕೇಲ್ ಹಿಡಿದು ಅಳೆಯಿರಿ. ಹೆಚ್ಚಿನವು 6.25 ಯು, ಅಂದರೆ ಸುಮಾರು 119 ಮಿ.ಮೀ. ಕೆಲವು 6 ಅಥವಾ 7 ಯು ಇರುತ್ತವೆ, ಅವುಗಳಲ್ಲಿ ಕಂಬಗಳ ಅಂತರವೂ ಬೇರೆ ಇರಬಹುದು.